ನಡುಮನೆಗೆ ಲೈನು ತಂದ ಬಾಯಾರು

ಅವರ ಬಲಗೈ ತೋರುಬೆರಳಿನ ತುದಿಗೆ ಯಾವಾಗಲೂ ಒಂದು ಬಿಳಿ ಬಟ್ಟೆಯ ಪಟ್ಟಿ ಸುತ್ತಿರುತ್ತಿತ್ತು. ಫೈಬರ್ ತಂತಿಯೊಳಗೆ ಇರುವುದು ಕೂದಲೆಳೆಯಂಥ ಗಾಜು. ಅದನ್ನು ಕತ್ತರಿಸುವಾಗ ಸಿಡಿದ ಚೂರು ಚರ್ಮದೊಳಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ಏನನ್ನಾದರೂ ಮುಟ್ಟಿದಾಗ ಮಾತ್ರ ಚುಚ್ಚುತ್ತದೆ. ಎದುರಿಗಿದ್ದವರ ಮಾತು ಕೇಳುತ್ತಲೇ ಅವರು ಪಟ್ಟಿ ಬಿಚ್ಚಿ, ಬೆರಳನ್ನು ಬೆಳಕಿಗೆ ಹಿಡಿದು, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯಿಂದ ಕೆದಕಿ, ಮತ್ತೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಿದ್ದರು. ಅದರ ಜೇಬಿನಲ್ಲಿ ಒಂದು ಟೆಸ್ಟರು, ಒಂದು ತುಂಡು ಸೀಮೆಸುಣ್ಣ.

ಹಾನಗಲ್ಲಿನಲ್ಲಿ ಎಲ್ಲರೂ ಅವರನ್ನು ಕೇಬಲ್ ಬಾಯಾರು ಎನ್ನುತ್ತಿದ್ದರು. ನಮ್ಮ ಕಡೆ ಬಾಯಾರು ಎಂದರೆ ಶಾಲೆಯಲ್ಲಿ ಕಲಿಸುವ ಹೆಂಗಸರು. ಇವರು ಕಲಿತದ್ದೇ ಏಳನೆಯ ಇಯತ್ತೆ, ಅದೂ ತವರೂರು ದುಂಡಸಿಯಲ್ಲಿ. ಗಂಡ ಊರಿಗೆ ಟಿವಿ ಕೇಬಲ್ ಎಳೆದಿದ್ದ. ಅವನು ತೀರಿಕೊಂಡಾಗ ಲೈನುಗಳನ್ನು ತಮಗೆ ಕೊಡಿರೆಂದು ಮೂರು ಜನ ಬಂದಿದ್ದರಂತೆ. ಬಾಯಾರು ಒಂದು ತಿಂಗಳು ತಡೆಯಿರಿ ಎಂದರು. ಆ ಒಂದು ತಿಂಗಳಲ್ಲಿ ಏಣಿ ಹತ್ತುವುದನ್ನು ಕಲಿತು, ಯಾವ ತಂತಿ ಯಾರ ಮನೆಯದೆಂದು ತಿಳಿದುಕೊಂಡು, ಬಂದವರನ್ನು ಚಹಾ ಕುಡಿಸಿ ಕಳಿಸಿದರು. ಮುಂದೆ ಫೈಬರ್ ಬಂದಾಗ ಹುಬ್ಬಳ್ಳಿಗೆ ಹೋಗಿ ನಾಲ್ಕು ದಿನ ಕೂತು ಅದನ್ನೂ ಕಲಿತರು. ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ ಅವರ ಆಫೀಸು. ಕೆಳಗೆ ಗಿರಣಿ ತಿರುಗುವಾಗ ಮೇಲಿನ ಕುರ್ಚಿ ಅಲುಗುತ್ತಿತ್ತು, ಅವರ ಕೂದಲ ಮೇಲೆ ಸದಾ ಸಣ್ಣಗೆ ಹಿಟ್ಟು ಕೂತಿರುತ್ತಿತ್ತು.

ನಾನು ಅವರನ್ನು ಸರಿಯಾಗಿ ಕಂಡದ್ದು ಅಕ್ಕನ ದೆಸೆಯಿಂದ. ನನ್ನ ಅಕ್ಕನಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಮೂರು ವರ್ಷದವಳಿದ್ದಾಗ ಬಂದ ಜ್ವರ ಎರಡನ್ನೂ ಒಯ್ದಿತು. ನಮ್ಮದು ಓದು ಬರಹದ ಮನೆತನ. ಅಜ್ಜ ಊರ ಮಕ್ಕಳಿಗೆಲ್ಲ ಸಂಸ್ಕೃತ ಹೇಳಿಕೊಟ್ಟವರು, ಅಪ್ಪ ಹೆಡ್‌ಮಾಸ್ತರು, ನಾನು ಇಲ್ಲಿಯ ಕೋರ್ಟಿನಲ್ಲಿ ವಕೀಲ. ಅಂಥ ಮನೆಯಲ್ಲಿ ಅಕ್ಕನಿಗೆ ಒಬ್ಬರೂ ಅಕ್ಷರ ಕಲಿಸಲಿಲ್ಲ. ಕಿವುಡಿಗೆ ಅದು ಬರಲಾರದೆಂದು ಎಲ್ಲರೂ ತಿಳಿದಿದ್ದರು. ಗಂಡನ ಮನೆಯೂ ಬಹಳ ದಿನ ನಡೆಯಲಿಲ್ಲ. ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದವಳು ನಮ್ಮಲ್ಲೇ ಉಳಿದಳು. ಆ ಮಗಳು ಬಾಯಿಂದ ಮಾತಾಡುವ ಮೊದಲು ಕೈಯಿಂದ ಮಾತಾಡಿದಳು. ಅವರಿಬ್ಬರ ಕೈಮಾತು ಯಾವ ಶಾಲೆಯದೂ ಅಲ್ಲ, ಅಕ್ಕ ಚಿಕ್ಕಂದಿನಿಂದ ಮಾಡುತ್ತಿದ್ದ ಸನ್ನೆಗಳ ಮೇಲೆ ನಮ್ಮ ಅಡಿಗೆಮನೆಯಲ್ಲಿ, ಹಿತ್ತಲಿನಲ್ಲಿ ಅವರೇ ಕಟ್ಟಿಕೊಂಡದ್ದು. ನನಗೂ ಅದು ಮುಕ್ಕಾಲು ಪಾಲು ಬರುತ್ತದೆ. ಹೊರಗಿನವರಿಗೆ ಅಕ್ಕನ ಮಾತನ್ನು ಹೇಳುವವನು ನಾನೇ.

ಮಗಳನ್ನು ಸಾಂಗಲಿಗೆ ಕೊಟ್ಟೆವು. ಅಳಿಯನದು ಔಷಧದ ಅಂಗಡಿ. ಮದುವೆಯಾಗಿ ಐದು ವರ್ಷದ ಮೇಲೆ ಬಸಿರಾದಳು. ಏಳನೆಯ ತಿಂಗಳಲ್ಲಿ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದೆಂದರು, ತವರಿಗೆ ಕರೆತರುವ ಮಾತೇ ಉಳಿಯಲಿಲ್ಲ. ಅಕ್ಕ ತಾನೇ ಸಾಂಗಲಿಗೆ ಹೊರಡಲು ಸೀರೆ ಮಡಚಿ ಚೀಲಕ್ಕೆ ಹಾಕಿದ್ದಳು. ಹೊರಡುವ ಮುಂಚಿನ ದಿನ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ರಾಡು ಹಾಕಿ, ಮೂರು ತಿಂಗಳು ಮಲಗಿರಬೇಕೆಂದು ಹೇಳಿ ಕಳಿಸಿದರು. ಅಲ್ಲಿ ಮಗಳು ಹಾಸಿಗೆಯಲ್ಲಿ, ಇಲ್ಲಿ ತಾಯಿ ಹಾಸಿಗೆಯಲ್ಲಿ.

ಬೇರೆ ತಾಯಿ ಮಗಳಾಗಿದ್ದರೆ ಫೋನಿನಲ್ಲಿ ಮಾತಾಡುತ್ತಿದ್ದರು, ಇಲ್ಲವೇ ಬರೆದು ಕಳಿಸುತ್ತಿದ್ದರು. ಅಕ್ಕನಿಗೆ ಎರಡೂ ಇಲ್ಲ. ಅವಳಿಗೆ ಇದ್ದದ್ದು ವಿಡಿಯೊ ಒಂದೇ. ನಮ್ಮ ಮನೆಯದು ಮಣ್ಣು ಕಲ್ಲಿನ ಹಳೆಯ ಗೋಡೆ, ಒಂದೂವರೆ ಮೊಳ ದಪ್ಪ. ಒಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಮಾತಾಡಬೇಕೆಂದರೆ ಓಣಿಯ ಕಟ್ಟೆಗೆ ಬರಬೇಕು. ನಡುಮನೆಯಲ್ಲಿ ಕಾಲು ಅಲುಗಿಸದೆ ಮಲಗಿದವಳನ್ನು ಕಟ್ಟೆಗೆ ತರುವುದು ಹೇಗೆ? ಮನೆಗೆ ಫೈಬರ್ ಹಾಕಿಸಿ ಒಂದು ಒಳ್ಳೆಯ ವೈಫೈ ರೂಟರ್ ತರಬೇಕೆಂದು ಗೊತ್ತುಮಾಡಿಕೊಂಡೆ.

ಯಾವ ರೂಟರ್ ತರಬೇಕೆಂದು ಕೋರ್ಟಿನಲ್ಲಿ ಗೆಳೆಯರನ್ನು ಕೇಳಿದೆ. ಒಬ್ಬರು ಆಂಟೆನಾ ಎಷ್ಟಿವೆ ನೋಡು ಎಂದರು, ಇನ್ನೊಬ್ಬರು ಡಬ್ಬಿಯ ಮೇಲೆ ಬರೆದ ಸ್ಪೀಡು ನೋಡು ಎಂದರು, ಮತ್ತೊಬ್ಬರು ಹೆಸರುವಾಸಿ ಕಂಪನಿಯದನ್ನು ಕಣ್ಣು ಮುಚ್ಚಿ ತೆಗೆದುಕೋ ಎಂದರು. ಕಟ್ಟೆಯ ಮೇಲೆ ಕೂತು ಎರಡು ದಿನ ಅದರ ಬಗೆಗಿನ ವಿಡಿಯೊ ನೋಡಿದೆ. ಒಬ್ಬೊಬ್ಬರೂ ಒಂದೊಂದನ್ನು ಹೊಗಳಿದರು. ಕೊನೆಗೆ ಹುಬ್ಬಳ್ಳಿಯಿಂದ ಆರು ಆಂಟೆನಾದ ಒಂದು ಕರಿ ಪೆಟ್ಟಿಗೆ ತಂದೆ. ಅಂಗಾತ ಬಿದ್ದ ಏಡಿಯಂತೆ ಕಾಣುತ್ತಿತ್ತು. ಬಾಯಾರ ಕಡೆಯವರು ಬಂದು ಪಡಸಾಲೆಯವರೆಗೆ ಲೈನು ಎಳೆದುಕೊಟ್ಟು ಹೋದರು. ಧೂಳು ಕೂಡಬಾರದೆಂದು ನನ್ನ ಹೆಂಡತಿ ಪೆಟ್ಟಿಗೆಯ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದಳು.

ಪಡಸಾಲೆಯಲ್ಲಿ ಎಲ್ಲವೂ ಚೆನ್ನಾಗಿ ಓಡಿತು. ನಡುಮನೆಯಲ್ಲಿ ಅಕ್ಕನ ಕೈಯಲ್ಲಿ ಮಾತ್ರ ಚಿತ್ರ ನಿಂತು ನಿಂತು ಹೋಗುತ್ತಿತ್ತು. ನಮಗೆ ಚಿತ್ರ ನಿಂತರೂ ದನಿ ಬರುತ್ತದೆ, ಹೇಗೋ ತಿಳಿಯುತ್ತದೆ. ಅಕ್ಕನಿಗೆ ಉಳಿಯುವುದು ಗಾಳಿಯಲ್ಲಿ ನಿಂತುಬಿಟ್ಟ ಮಗಳ ಒಂದು ಕೈ. ಆ ಕೈ ಮೇಲೆ ಹೋಗುವುದಿತ್ತೋ ಕೆಳಗೆ ಬರುವುದಿತ್ತೋ ಯಾರಿಗೆ ಗೊತ್ತು? ಏನು ಹೇಳಿದಳು ಎಂದು ಅಕ್ಕ ನನ್ನನ್ನು ಕೇಳುತ್ತಿದ್ದಳು. ನನಗೂ ತಿಳಿದಿಲ್ಲ ಎಂದು ಸನ್ನೆ ಮಾಡಿದರೆ, ಉಳಿದ ಮಾತು ಒಳಗೆ ಎಲ್ಲೋ ಸಿಕ್ಕಿಕೊಂಡಿದೆಯೇನೋ ಎನ್ನುವಂತೆ ಫೋನನ್ನು ಅಲುಗಾಡಿಸುತ್ತಿದ್ದಳು. ನಾನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ, ಕಪಾಟಿನ ಮೇಲಿಟ್ಟೆ, ಆಂಟೆನಾಗಳನ್ನು ಅತ್ತ ಇತ್ತ ಬಗ್ಗಿಸಿದೆ. ಆರಿಸಿ ಹಚ್ಚಿದೆ. ಏನೂ ಆಗಲಿಲ್ಲ.

ಒಂದು ದಿನ ಹಿರೇಕೆರೂರಿನ ಕೋರ್ಟು ಮುಗಿಸಿ ಮನೆಗೆ ಬಂದರೆ ಅಕ್ಕ ಊಟ ಮಾಡಿರಲಿಲ್ಲ. ಮಗಳು ಯಾವುದೋ ಕಾಗದ ತೋರಿಸಲು ಎತ್ತಿ ಹಿಡಿದಳಂತೆ, ಅಷ್ಟರಲ್ಲಿ ಚಿತ್ರ ಹೋಯಿತಂತೆ. ಒಳ್ಳೆಯ ಕಾಗದವೋ ಕೆಟ್ಟ ಕಾಗದವೋ ಎಂದು ಅಕ್ಕ ಮಧ್ಯಾಹ್ನದಿಂದ ಎಲ್ಲರನ್ನೂ ಕೇಳುತ್ತಿದ್ದಳು. ಕಟ್ಟೆಗೆ ಹೋಗಿ ಅಳಿಯನಿಗೆ ಫೋನು ಮಾಡಿದೆ. ಅದು ಕೂಸಿನ ಸ್ಕ್ಯಾನಿಂಗಿನ ಚಿತ್ರ, ಎಲ್ಲ ಸರಿ ಇದೆ ಎಂದ. ಒಳಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ನಂಬಿದಂತೆ ಕಾಣಲಿಲ್ಲ.

ಆ ಸಿಟ್ಟಿನಲ್ಲೇ ಗಿರಣಿಯ ಮೇಲಿನ ಕೋಣೆಗೆ ಹೋಗಿ, ನಾಲ್ಕು ಜನರೆದುರು ಬಾಯಾರನ್ನು ಬಾಯಿಗೆ ಬಂದಂತೆ ಬೈದೆ. ಲೈನು ಎಳೆದು ಕೈ ತೊಳೆದುಕೊಂಡರೆ ಮುಗಿಯಿತೇ, ಕೋರ್ಟಿಗೆ ಎಳೆಯುತ್ತೇನೆ ಎಂದೆಲ್ಲ ಅಂದೆ. ಅವರು ಬೆರಳು ಕೆದಕುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದರು:

“ವಕೀಲ್ರ, ಮನ್ಯಾಗ ಯಾರ್ಯಾರು ಅದೀರಿ? ಯಾರು ಎಲ್ಲಿ ಕುಂಡ್ರತೀರಿ?”

ರೂಟರಿಗೂ ಅದಕ್ಕೂ ಏನು ಸಂಬಂಧ ಎಂದು ರೇಗಿದೆ. ಆಮೇಲೆ ತಿಳಿಯಿತು, ಯಾರಿಗೇ ರೂಟರ್ ಕೊಡುವ ಮೊದಲು ಅವರು ಕೇಳುತ್ತಿದ್ದುದು ಇದೊಂದೇ ಪ್ರಶ್ನೆ. ತಿಳವಳ್ಳಿಯ ಒಬ್ಬ ದೊಡ್ಡ ರೈತ ಆಫೀಸಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ರೂಟರ್ ಕೊಡಿರೆಂದು ಬಂದಾಗ, ಮನೆಯಲ್ಲಿ ಅವನೂ ಹೆಂಡತಿಯೂ ಇಬ್ಬರೇ, ಕೂಡುವುದು ಒಂದೇ ಕೋಣೆ ಎಂದು ತಿಳಿದು, ಎಲ್ಲಕ್ಕಿಂತ ಸಣ್ಣದನ್ನು ಕೈಯಲ್ಲಿಟ್ಟು ಕಳಿಸಿದ್ದರಂತೆ. “ರೂಟರ್ ಮನಿ ನೋಡಿ ತಗೋಳೋದಲ್ರಿ, ಕುಂತವ್ರನ್ನ ನೋಡಿ ತಗೋಬೇಕು” ಎನ್ನುವುದು ಅವರ ವಾಡಿಕೆಯ ಮಾತು.

ನಾನು ಅಕ್ಕನ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ತಾನಾಗಿ ಇಳಿಯಿತು. ಅವರು ಸೂಜಿಯನ್ನು ಸೆರಗಿಗೆ ಸಿಕ್ಕಿಸಿದರು. “ಅಂದ್ರ ಅವ್ರಿಗೆ ಅದೊಂದ ದಾರಿ” ಎಂದರು. ಬೆರಳಿಗೆ ಪಟ್ಟಿ ಸುತ್ತಿಕೊಂಡು, “ನಾಳಿ ಮುಂಜಾನೆ ಬರ್ತೇನಿ” ಎಂದರು.

ಬಂದಾಗ ಅವರ ಕೈಯಲ್ಲಿ ಹೊಸ ಪೆಟ್ಟಿಗೆ ಏನೂ ಇರಲಿಲ್ಲ. ಮೊದಲು ಕಸೂತಿಯ ಬಟ್ಟೆ ತೆಗೆದು ಮಡಚಿ ನನ್ನ ಹೆಂಡತಿಯ ಕೈಗೆ ಕೊಟ್ಟು, ಪೆಟ್ಟಿಗೆಗೂ ಗಾಳಿ ಬೇಕು, ಕಾದರೆ ಅದು ಮಂಕಾಗುತ್ತದೆ ಎಂದರು. ಆಮೇಲೆ ತಮ್ಮ ಫೋನಿನಲ್ಲಿ ಸ್ಪೀಡು ನೋಡುತ್ತ ಪಡಸಾಲೆಯಿಂದ ಒಳಗೆ ನಡೆದರು. ಒಂದೊಂದು ಬಾಗಿಲಿಗೂ ನಿಂತು, ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಎರಡೆರಡು ಅಂಕಿ ಬರೆದರು. ಮೇಲಿನದು ಬರುವ ವೇಗ, ಕೆಳಗಿನದು ಹೋಗುವ ವೇಗ. ಪಡಸಾಲೆಯಲ್ಲಿ ತೊಂಬತ್ತು ಇದ್ದದ್ದು ನಡುಮನೆಯ ಬಾಗಿಲಿಗೆ ಹನ್ನೆರಡಾಯಿತು, ಅಕ್ಕನ ಮಂಚದ ಹತ್ತಿರ ಒಂದಾಯಿತು. ಕೆಳಗಿನ ಅಂಕಿ ಸೊನ್ನೆ.

“ಸಿನಿಮಾ ನೋಡೋರಿಗೆ ಬರೋದು ಅಷ್ಟ ಸಾಕ್ರಿ” ಎಂದರು. “ಇವ್ರ ಕೈ ಅಲ್ಲಿಗೆ ಹೋಗಬೇಕಲ್ಲ. ಹೋಗೋದನ್ನೂ ನೋಡಬೇಕು.”

ಹಾಗಾದರೆ ಇದಕ್ಕಿಂತ ದೊಡ್ಡ ರೂಟರ್ ತರಲೇ ಎಂದು ಕೇಳಿದೆ. ಅವರಿಗೆ ಸಣ್ಣಗೆ ನಗು ಬಂತು. ನಾನು ತಂದದ್ದು ಒಳ್ಳೆಯದೇ, ಆದರೆ ನಮ್ಮ ಅಜ್ಜ ಕಟ್ಟಿಸಿದ ಗೋಡೆ ಅದಕ್ಕಿಂತ ಒಳ್ಳೆಯದು ಎಂದರು. ಈ ಪೆಟ್ಟಿಗೆಗಳು ಎರಡು ತರಹದ ಅಲೆ ಬಿಡುತ್ತವೆ, ಜೋರಾಗಿ ಓಡುವುದು ಗೋಡೆ ಕಂಡರೆ ನಿಲ್ಲುತ್ತದೆ, ಸಾವಕಾಶ ಹೋಗುವುದು ಒಂದು ಗೋಡೆ ದಾಟಿ ಸುಸ್ತಾಗುತ್ತದೆ, ನಿಮ್ಮಲ್ಲಿ ನಡುವೆ ಇರುವುದು ಎರಡು ಗೋಡೆ ಎಂದು ಬಿಡಿಸಿ ಹೇಳಿದರು. ಗೋಡೆಯೊಡನೆ ಜಗಳ ಬೇಡ, ತಂತಿಯನ್ನೇ ಒಳಗೆ ತಂದು, ಅಕ್ಕ ಮಲಗಿದಲ್ಲೇ ಒಂದು ಸಾದಾ ರೂಟರ್ ಇಟ್ಟರೆ ಸಾಕು, ಜೊತೆಗೆ ಕರೆಂಟು ಹೋದಾಗ ಅದನ್ನು ಎತ್ತಿ ಹಿಡಿಯಲು ಒಂದು ಸಣ್ಣ ಬ್ಯಾಟರಿ ಬೇಕು ಎಂದರು. ಹದಿನೈದು ದಿನ ನಾನು ಊರೆಲ್ಲ ಕೇಳಿ, ವಿಡಿಯೊ ನೋಡಿ ತಿಳಿಯದ್ದು ಇಷ್ಟೇ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ಇಂದಿಗೂ ನೆನಪಿದೆ. ನಮ್ಮ ಮನೆಗೆ ಬಂದವರು ಅಕ್ಕನಿಗೆ ಏನಾದರೂ ಕೇಳಬೇಕೆಂದರೆ ನನ್ನ ಮುಖ ನೋಡಿ ಕೇಳುತ್ತಾರೆ. ಬಾಯಾರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಮಂಚದ ಅಂಚಿಗೆ ಕೂತು, ಫೋನನ್ನು ಅಲ್ಲಿ ಹಿಡಿದು, ಇಲ್ಲಿ ಹಿಡಿದು, ಎಲ್ಲಿಟ್ಟರೆ ಅನುಕೂಲ ಎಂದು ಹುಬ್ಬಿನಿಂದಲೇ ಕೇಳಿದರು. ಅಕ್ಕ ಕಿಟಕಿಯ ಬೆಳಕು ತನ್ನ ಕೈಮೇಲೆ ಬೀಳುವ ಜಾಗ ತೋರಿಸಿದಳು. ಬಾಯಾರು ಅಲ್ಲಿ ಒಂದು ಕಟ್ಟಿಗೆಯ ಹಿಡಿಕೆ ಬಡಿದು ಫೋನು ನಿಲ್ಲಿಸಿದರು, ಎರಡು ಕೈಯೂ ಖಾಲಿ ಇರಲೆಂದು. ಫೋನನ್ನು ಒಂದು ಕೈಯಲ್ಲಿ ಹಿಡಿದುಕೊಂಡ ಅಕ್ಕ ಇಷ್ಟು ದಿನ ಒಂದೇ ಕೈಯಿಂದ, ತೊದಲಿದಂತೆ ಮಾತಾಡುತ್ತಿದ್ದಳು. ಅದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಬಾಗಿಲುಗಳ ಮೇಲಿನಿಂದ ತಂತಿ ಹಾಯಿಸಿ, ಎರಡು ಆಂಟೆನಾದ ಸಣ್ಣ ಪೆಟ್ಟಿಗೆಯನ್ನು ಕಿಟಕಿಯ ಮೇಲಿನ ಹಲಗೆಗೆ ಇಟ್ಟು, ಮಧ್ಯಾಹ್ನದ ಹೊತ್ತಿಗೆ ಮುಗಿಸಿದರು. ಸಾಂಗಲಿಗೆ ಕರೆ ಹಚ್ಚಿದೆವು. ಮಗಳ ಮುಖ ಬಂತು, ಕೈ ಬಂತು, ನಿಲ್ಲಲಿಲ್ಲ. ಅಕ್ಕನ ಎರಡೂ ಕೈ ಎದ್ದವು. ಆಮೇಲೆ ಎಷ್ಟು ಜೋರಾಗಿ ಓಡಿದವೆಂದರೆ ನನಗೆ ಅರ್ಧವೂ ತಿಳಿಯಲಿಲ್ಲ. ಬಾಯಾರು ತಮ್ಮ ಫೋನು ನೋಡಿ ಮೆಲ್ಲಗೆ, “ಹೋಗಾಕತ್ತೈತಿ” ಎಂದರು. ಬೈದದ್ದಕ್ಕೆ ಕ್ಷಮೆ ಕೇಳಬೇಕೆಂದು ನಾನು ಬಾಗಿಲತನಕ ಅವರ ಹಿಂದೆ ಹೋದೆ. ಏಣಿ ಹಿಡಿದುಕೊಟ್ಟೆ, ಅಷ್ಟೇ.

ನಲವತ್ತು ದಿನ ತಾಯಿ ಮಗಳು ಮಾತಾಡಿದರು. ಮುಂಜಾನೆ, ಮಧ್ಯಾಹ್ನ, ಸಂಜೆ. ನಡುವೆ ಒಮ್ಮೆ ಗೋವಿನಜೋಳದ ದಂಟು ಹೇರಿದ ಟ್ರ್ಯಾಕ್ಟರ್ ಓಣಿಯಲ್ಲಿ ಹೋಗುವಾಗ ತಂತಿ ಹರಿಯಿತು. ಜಿಟಿಜಿಟಿ ಮಳೆ. ಬಾಯಾರು ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಂದು, ನಮ್ಮ ಕಟ್ಟೆಯ ಮೇಲೇ ಬೆಸೆಯುವ ಮಷಿನ್ ತೆರೆದರು. ನಾನು ಅವರ ಮೇಲೆ ಕೊಡೆ ಹಿಡಿದರೆ, “ನನಗಲ್ರಿ, ಮಷಿನ್ನಿಗೆ ಹಿಡೀರಿ” ಎಂದರು. ಅವರ ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಒಂದು ತಾಸಿನಲ್ಲಿ ಅಕ್ಕನ ಫೋನಿನಲ್ಲಿ ಮಗಳ ಮುಖ ಬಂತು. ಅಷ್ಟೊತ್ತಿಗೆ ಬಾಯಾರು ಕಾಲು ಎಳೆಯುತ್ತ ನಡೆಯುವುದನ್ನು ಕಂಡಿದ್ದೆ. ಕೇಳಿದ್ದಕ್ಕೆ ಸಕ್ಕರೆ ಕಾಯಿಲೆ, ಅಂಗಾಲಿಗೆ ಹುಣ್ಣಾಗಿದೆ, ಮಾಯುತ್ತದೆ ಎಂದಿದ್ದರು.

ನಲವತ್ತನೆಯ ದಿನ ಬಾಯಾರು ಬಂದದ್ದು ಬ್ಯಾಟರಿ ಬದಲಿಸಲು. ನಾನು ಪಡಸಾಲೆಯಲ್ಲಿ ಕಕ್ಷಿದಾರರೊಬ್ಬರ ಕಾಗದ ನೋಡುತ್ತಿದ್ದೆ. ಹೆಂಡತಿ ಹಿತ್ತಲಲ್ಲಿದ್ದಳು. ನೀರು ಕುಡಿಯಲೆಂದು ಎದ್ದು ನಡುಮನೆಯ ಬಾಗಿಲಿಗೆ ಬಂದೆ. ಫೋನಿನಲ್ಲಿ ಮಗಳು ಕಾಣುತ್ತಿದ್ದಳು. ಬಿಳಿ ದಿಂಬು, ಹಿಂದೆ ಹಸಿರು ಗೋಡೆ, ಎರಡು ಕೈ ಹೊದಿಕೆಯ ಮೇಲೆ ಬಿದ್ದಿದ್ದವು. ಅಲುಗಾಟವಿಲ್ಲ. ಈ ಕಡೆ ಅಕ್ಕನ ಕೈಗಳೂ ಮಡಿಲಲ್ಲಿ ಹಾಗೇ ಇದ್ದವು. ಮತ್ತೆ ಚಿತ್ರ ನಿಂತಿತು ಎಂದುಕೊಂಡೆ. ಎರಡು ಹೆಜ್ಜೆಗೆ ಕಿಟಕಿಯ ಹತ್ತಿರ ಹೋಗಿ, ಪೆಟ್ಟಿಗೆಯ ಸ್ವಿಚ್ಚಿಗೆ ಕೈ ಹಾಕಿದೆ, ಆರಿಸಿ ಹಚ್ಚಲೆಂದು.

ಬಾಯಾರು ನನ್ನ ಮಣಿಕಟ್ಟು ಹಿಡಿದರು. ಪಟ್ಟಿ ಸುತ್ತಿದ ಬೆರಳು ನನ್ನ ಕೈಗೆ ಒರಟಾಗಿ ತಾಗಿತು.

“ಬ್ಯಾಡ್ರಿ ವಕೀಲ್ರ” ಎಂದರು. “ಲೈನ್ ಚಲೋ ಐತಿ. ಅವ್ರ ಸುಮ್ನ ಕುಂತಾರ.”

ನನಗೆ ತಿಳಿಯಲಿಲ್ಲ. ದೀಪಗಳನ್ನು ನೋಡಿದೆ, ಎಲ್ಲ ಹಸಿರು. ಫೋನು ನೋಡಿದೆ. ಆಗ ಮಗಳು ಕಣ್ಣು ಮಿಟುಕಿಸಿದಳು. ಬಾಯಾರು ನನ್ನ ಕೈ ಬಿಡದೆ, ತುಟಿ ಅಲುಗಿದಷ್ಟೇ ದನಿಯಲ್ಲಿ ಹೇಳಿದರು, ಹುಡುಗಿ ಎರಡು ಕೈ ಕೂಡಿಸಿ ಕೂಸು ಹಿಡಿದಂಗೆ ಮಾಡಿದಳು, ಆಮೇಲೆ ಕೈ ಬಿಚ್ಚಿಬಿಟ್ಟಳು ಎಂದು. ನಮ್ಮ ಮನೆಯ ಕೈಮಾತು ಅವರಿಗೆ ಬರುತ್ತಿರಲಿಲ್ಲ. ಅದು ತಿಳಿಯಲು ಬರಬೇಕಾಗಿಯೂ ಇರಲಿಲ್ಲ.

“ಈಗ ಬಂದ್ ಮಾಡಿದ್ರ ಆ ಹುಡುಗಿ ಒಬ್ಬಾಕೀನ ಆಗ್ತಾಳ್ರಿ.”

ನಾನು ಕೈ ತೆಗೆದೆ. ಫೋನಿನಲ್ಲಿ ನಮ್ಮ ಹುಡುಗಿ ಅಷ್ಟು ಸ್ಪಷ್ಟವಾಗಿ ಕಾಣುತ್ತಿದ್ದಳು, ಅವಳ ಕೆನ್ನೆಗೆ ಅಂಟಿದ ಕೂದಲು ಸಹ ಕಾಣುತ್ತಿತ್ತು. ಅಷ್ಟು ಹತ್ತಿರ ತಂದಿಟ್ಟಿದ್ದೆವು, ಮುಟ್ಟುವಂತಿರಲಿಲ್ಲ. ಅಕ್ಕ ಏಳಲಾರಳು, ಅವಳೂ ಏಳಲಾರಳು. ಬಹಳ ಹೊತ್ತಿನ ಮೇಲೆ ಅಕ್ಕ ಬಲಗೈ ಎತ್ತಿ ಫೋನಿನ ಗಾಜಿನ ಮೇಲೆ ಇಟ್ಟಳು. ಅದು ಅವರ ಕೈಮಾತಿನಲ್ಲಿ ಏನೂ ಅಲ್ಲ. ಸುಮ್ಮನೆ ಕೈ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಬಾಯಾರು ತಾವು ಆಗಷ್ಟೇ ಹಾಕಿದ ಬ್ಯಾಟರಿಯನ್ನು, ಅದರ ಪುಟ್ಟ ದೀಪವನ್ನು ನೋಡುತ್ತ ಗೋಡೆಗೆ ಆತು ನಿಂತರು. ಕಾಲಿನ ಹುಣ್ಣಿಗೆ ನಿಲ್ಲುವುದು ಕಷ್ಟವೆಂದು ಗೊತ್ತಿದ್ದೂ ಕೂಡಿರೆಂದು ಹೇಳಲು ನನಗೆ ಹೊಳೆಯಲಿಲ್ಲ. ಕರೆಂಟು ಬರುವವರೆಗೆ ಅವರು ಹಾಗೇ ನಿಂತಿದ್ದರು. ಆಮೇಲೆ ನನ್ನ ಹೆಂಡತಿ ಕೊಟ್ಟ ನೀರನ್ನು ಕುಡಿದು, ಏಣಿ ಹೊತ್ತುಕೊಂಡು ಹೋದರು.

ಅಕ್ಕನ ಕಾಲು ಕೂಡಿತು. ಕೋಲು ಹಿಡಿದು ಓಡಾಡಿದಳು, ಕೂಸು ಕಳೆದುಕೊಂಡ ಮಗಳನ್ನು ನೋಡಲು ಸಾಂಗಲಿಗೂ ಹೋಗಿ ಬಂದಳು. ಬಾಯಾರ ಆಫೀಸಿಗೆ ಹೋಗಿ ಕೂತು ನಾಲ್ಕು ಮಾತು ಆಡಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡೆ. ಗಿರಣಿಯ ಮುಂದೆಯೇ ದಿನಾ ಹಾದುಹೋಗುತ್ತಿದ್ದೆ. ನಾಳೆ, ನಾಡಿದ್ದು ಎನ್ನುತ್ತ ಒಂದು ವರ್ಷ ಕಳೆಯಿತು. ಒಮ್ಮೆ ನೆಟ್ ಕೆಟ್ಟಾಗ ಬೇರೆ ಯಾರೋ ಬಂದು ಸರಿಮಾಡಿದರು. ಬಾಯಾರು ಲೈನುಗಳನ್ನು ದೊಡ್ಡ ಕಂಪನಿಯೊಂದಕ್ಕೆ ಬಿಟ್ಟುಕೊಟ್ಟರೆಂದು ಹಾಗೆ ಬಂದವರೇ ಹೇಳಿದರು. ಗಿರಣಿಯವರನ್ನು ಕೇಳಿದೆ. ಕಾಲು ತೆಗೆಯಬೇಕಾಯಿತು, ದುಂಡಸಿಗೆ ಅಣ್ಣನ ಮನೆಗೆ ಹೋಗಿದ್ದರು, ಹೋದ ವಾರ ತೀರಿಕೊಂಡರು ಎಂದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿ, ಕೋಲು ಹಿಡಿದು ಬಾಗಿಲಲ್ಲಿ ನಿಂತಳು.

ಬಂಕಾಪುರದ ಮೇಲೆ ಶಿಗ್ಗಾಂವಿಗೆ ಹೋಗಿ, ಅಲ್ಲಿಂದ ದುಂಡಸಿಯ ಬಸ್ಸು ಹಿಡಿದೆವು. ಬಾಯಾರ ಅಣ್ಣ ಹೊಲಕ್ಕೆ ಹೋಗಿದ್ದರು. ಅವರ ಹೆಂಡತಿ ಚಾಪೆ ಹಾಸಿ, ನೀವು ಯಾರು, ಹೇಗೆ ಪರಿಚಯ ಎಂದು ಕೇಳಿದರು. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು, “ನಮ್ಮ ಮನಿಗೆ ಕನೆಕ್ಷನ್ ಕೊಟ್ಟಿದ್ದರ್ರಿ” ಎನ್ನುವುದೊಂದೇ.

ಅಕ್ಕ ನನ್ನ ತೋಳು ತಟ್ಟಿ, ಆ ಹೆಂಗಸಿನ ಕಡೆ ತಿರುಗಿ ಕೂತು, ತಾನೇ ಹೇಳತೊಡಗಿದಳು. ಏಣಿ, ಮಳೆ, ತಲೆಯ ಮೇಲಿನ ಚೀಲ, ಬಾಗಿಲುಗಳ ಮೇಲಿನಿಂದ ಬಂದ ತಂತಿ, ಕಟ್ಟಿಗೆಯ ಹಿಡಿಕೆ. ಎಲ್ಲವೂ ಅವಳ ಕೈಯಲ್ಲಿ ಬಂತು. ಕೊನೆಗೆ ತನ್ನ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದು, ನನ್ನ ಕಡೆ ಒಮ್ಮೆ ನೋಡಿ, ಹಾಗೇ ಹಿಡಿದುಕೊಂಡಳು. ಆ ದಿನ ಅವಳು ಅದನ್ನೂ ಕಂಡಿದ್ದಳೆಂದು ನನಗೆ ತಿಳಿದದ್ದು ಆಗಲೇ.

“ಏನಂತಾರ್ರಿ ಅವ್ರು?” ಎಂದು ಆ ಹೆಂಗಸು ನನ್ನನ್ನು ಕೇಳಿದರು.

ಐವತ್ತು ವರ್ಷದಿಂದ ಅಕ್ಕನ ಮಾತನ್ನು ಜನರಿಗೆ ಹೇಳುತ್ತ ಬಂದವನು ನಾನು. ಕೋರ್ಟಿನಲ್ಲಿ ಬೇರೆಯವರ ಪರವಾಗಿ ಮಾತಾಡಿ ಹೊಟ್ಟೆ ಹೊರೆದವನು. ಅವರ ಮುಖ ನೋಡಿದೆ.

“ಭಾಳ ಚಲೋ ಇದ್ದರು ಅಂತಾಳ್ರಿ” ಎಂದೆ.

“ಹೌದ್ರಿ, ಬಂದವ್ರೆಲ್ಲ ಹಂಗ ಅಂತಾರ” ಎಂದು ಅವರು ಕಣ್ಣೊರೆಸಿಕೊಂಡು, ಚಹಾ ಇಡಲು ಒಳಗೆ ಎದ್ದು ಹೋದರು. ಅಕ್ಕನ ಮಾತು ಇನ್ನೂ ಮುಗಿದಿರಲಿಲ್ಲ.